ಎಡಗಿವಿ ಕಾಣಬೇಕು

ಬೂದು ಪರದೆ ಕಳಚಿದ ಮೇಲೆ ಸ್ಟುಡಿಯೋದ ಈ ಗೋಡೆ ಇಷ್ಟು ಬೆಳ್ಳಗಿದೆಯಲ್ಲ, ನಾಲ್ಕು ವರ್ಷ ಬೆಳಕೇ ಕಾಣದ ಗೋಡೆ, ಅಬ್ಬಾ, ಕೊನೆಗೂ ಪೀಡೆ ತೊಲಗಿತು, ಫೋಟೋದವರು ಸ್ಟೂಲಿನ ಮೇಲೆ ನಿಂತು ಕೊನೆಯ ಕೊಂಡಿ ಬಿಚ್ಚಿ ಪರದೆಯನ್ನು ನೆಲಕ್ಕೆ ಬಿಟ್ಟರು, ಬೀಳಲಿ, ನೆಲ ಒರೆಸೋಕಾದರೂ ಆದೀತು — ಅಲ್ಲಾರೀ, ಈ ವಯಸ್ಸಲ್ಲಿ ಸ್ಟೂಲ್ ಹತ್ತಿ ಸೊಂಟ ಮುರ್ಕೊಂಡ್ರೆ ನೋಡೋರ್ಯಾರು, ಹೆಂಡತಿ ಒಳಗಿನಿಂದ, ಹೋದ್ರೆ ಹೋಗ್ಲಿ ಕಣೇ ಸೊಂಟ, ಇವತ್ತು ಮಗಳು ಬರ್ತಾಳೆ, ಅಳಿಯ ಬರ್ತಾನೆ, ಪುಟ್ಟಿ ಬರ್ತಾಳೆ, ಯಾರ ಚೀಟಿಯೂ ಬೇಡ, ಅಪ್ಪಣೆಯೂ ಬೇಡ. ನಾಲ್ಕು ವರ್ಷ ಊರಾಳಿದ ಪಡೆಯವರು ಸೋತು ಇಂದಿಗೆ ಹತ್ತು ದಿನ, ಊರನ್ನು ಎರಡು ಮಾಡಿದವರು, ಇವರು ಒಳಗಿನವರು, ಅವರು ಹೊರಗಿನವರು, ಒಳಗಿನವರ ಗುರುತಿನ ಕಾರ್ಡಿನ ಪಟಕ್ಕೆ ನೀಲಿ ಪರದೆ, ನೇರ ಮುಖ, ಬೇಕಿದ್ದರೆ ನಗು, ಹೊರಗಿನವರಿಗೆ ಬೂದು ಪರದೆ, ಪಕ್ಕಕ್ಕೆ ತಿರುಗಿದ ಮುಖ, ಎಡಗಿವಿ ಪೂರ್ತಿ ಕಾಣಬೇಕು, ಒಂದೆಳೆ ಕೂದಲು ಅಡ್ಡ ಬಂದರೂ ಕಾರ್ಡು ವಾಪಸ್ಸು. ಕಿವಿ ಯಾಕೆ ಸ್ವಾಮಿ ಅಂತ ಫೋಟೋದವರು ಒಮ್ಮೆ ಬಾಯಿಬಿಟ್ಟು ಕೇಳಿದ್ದರು, ಮುಖ ನೋಡಿದ್ರೆ ಅವ್ರೂ ನಮ್ಮ ಥರಾನೇ ಕಾಣ್ತಾರಲ್ಲಪ್ಪ, ಅದಕ್ಕೆ, ಅಂದಿದ್ದ ಪಡೆಯ ಗುಮಾಸ್ತ, ಅದೂ ನಗದೆ.

ಎಷ್ಟು ಕಿವಿಗಳು ದೇವರೇ, ಲಾಂಡ್ರಿಯವಳ ಹರಿದ ಕಿವಿ, ಮೇಷ್ಟರ ಕಿವಿಯ ಬಿಳಿ ಕೂದಲು, ಅಳಿಯನ ದಪ್ಪ ಕಿವಿ — ಅವನನ್ನು ಹೊರಗಿನವನು ಅಂತ ಬರೆದ ದಿನವೇ ಮಗಳೂ ಹೊರಗಿನವಳಾದಳು, ರೈಲು ಹಳಿಯ ಆಚೆ ವಾಸ, ಆರು ತಿಂಗಳಿಗೊಮ್ಮೆ ಕಾರ್ಡು ಹೊಸದು ಮಾಡಿಸಲು ಬಂದಾಗಷ್ಟೇ ಕಣ್ಣಿಗೆ ಬೀಳುವುದು, ಬಾಗಿಲಲ್ಲಿ ಪಡೆಯವನ ಕಾವಲು, ಮಾತಾಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಪುಟ್ಟಿಯದು ಎಂಟು ಪಟ, ಎಂಟರಲ್ಲೂ ಎಡಗಿವಿ. ಊರವರನ್ನೆಲ್ಲ ಗೋಡೆಗೇರಿಸಿದವನ ಮನೆಯಲ್ಲಿ ಮೊಮ್ಮಗಳ ನೇರ ಮುಖದ ಪಟ ಒಂದೂ ಇಲ್ಲವಲ್ಲ, ಅದೊಂದು ಆಗಿಬಿಟ್ಟರೆ ಸಾಕು, ಅದೊಂದು ಇವತ್ತು ಆಗಲೇಬೇಕು. ಎದುರಂಗಡಿಯ ದರ್ಜಿ ಬೆಳಿಗ್ಗೆ ತಾನೇ ಹೇಳಿದ, ಪಡೆ ಮುಖಂಡ ಜೈಲಲ್ಲಿ, ಕಚೇರಿಗೆ ಬೀಗ, ಇನ್ನೇನಿದೆ, ಕತೆ ಮುಗೀತು ಬಿಡಿ, ಹೌದು ಮುಗೀತು, ಆದರೆ ಅಳಿಯ ಮೊನ್ನೆ ಫೋನಿನಲ್ಲಿ, ಅವ್ರು ಸೋತ್ರು ಮಾವ, ಅವ್ರು ಹೇಳ್ಕೊಟ್ಟಿದ್ದು ಸೋತಿದ್ಯಾ ನೋಡ್ಬೇಕು, ಅಂದ — ಇವನೊಬ್ಬ, ಮೊಸರಲ್ಲಿ ಕಲ್ಲು ಹುಡುಕೋನು, ಸೋತವರು ಸೋತರು, ಅವರ ಮಾತು ಇನ್ಯಾರ ಬಾಯಲ್ಲಿ ಬದುಕಬೇಕು. ತನ್ನ ಬಾಯಿಯ ಮೇಲೆ ಮಾತ್ರ ಸ್ವಲ್ಪ ಅನುಮಾನ, ನಿನ್ನೆ ಪಟಕ್ಕೆ ಬಂದ ಲಾಂಡ್ರಿಯವಳಿಗೆ ತಪ್ಪಿ ತಿರುಗಮ್ಮ ಅಂದುಬಿಟ್ಟೆ, ಅವಳು ತಿರುಗಿಯೂ ಬಿಟ್ಟಳು, ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು, ಇವತ್ತು ಹಾಗಾಗಬಾರದು, ನಾಲಿಗೆ ಬಿಗಿಹಿಡಿಯಬೇಕು, ಇತ್ತ ನೋಡಿ, ಇತ್ತ ನೋಡಿ, ಇಷ್ಟೇ ತಾನೇ.

ಬಂದರು, ಬಂದೇಬಿಟ್ಟರು, ಅಮ್ಮನ ಹೆಗಲ ಮೇಲೆ ಮಗಳ ತಲೆ, ಇಬ್ಬರದೂ ಅಳುವೋ ನಗುವೋ, ಏನ್ ಮಾವ, ಸ್ಟುಡಿಯೋ ದೊಡ್ಡದಾದಂಗಿದೆ, ಅಳಿಯ ಗೋಡೆ ಸವರಿ ಗಟ್ಟಿಯಾಗಿ ನಕ್ಕ, ಈ ನಗು ಕೇಳಿ ಎಷ್ಟು ದಿನವಾಗಿತ್ತು, ಎದೆಯ ಮೇಲಿನ ಬಂಡೆ ಇಳಿಸಿದ ಹಾಗೆ, ಕೂತ್ಕೊಳ್ಳಿ ಕೂತ್ಕೊಳ್ಳಿ, ಮಾತೆಲ್ಲ ಆಮೇಲೆ, ಮೊದಲು ಪಟ, ಲೇ ನೀನೂ ಬಾರೇ, ಸೆರಗಲ್ಲಿ ಕಣ್ಣೊರೆಸಿದ್ದು ಸಾಕು, ಮೂವರೂ ಬೆಂಚಿನ ಮೇಲೆ, ಪುಟ್ಟಿ ಅಮ್ಮನ ತೊಡೆಯ ಮೇಲೆ, ಟೈಮರ್ ಒತ್ತಿ ತಾನೂ ಓಡಿಹೋಗಿ ಕೂರುವುದು, ಎಲ್ಲಾ ಇತ್ತ ನೋಡಿ — ಸರಿಯಾಗಿ ಬಂತು ಮಾತು, ತಪ್ಪಲಿಲ್ಲ, ಗೆದ್ದೆ — ಪುಟ್ಟೀ, ತಾತನ್ನ ನೋಡಮ್ಮ, ಕ್ಯಾಮೆರಾದೊಳಗೆ ಮೂರು ನೇರ ಮುಖ, ಆರು ಒದ್ದೆ ಕಣ್ಣು, ಮತ್ತೆ ಪುಟ್ಟಿ, ಪುಟ್ಟಿ ಯಾಕೆ ಜಾರಿ ಇಳಿದಳು, ಯಾರೂ ಏನೂ ಹೇಳಲಿಲ್ಲವಲ್ಲ, ತಾನಂತೂ ಹೇಳಲಿಲ್ಲ, ಕಾಲು ಜೋಡಿಸಿ ನಿಂತಳು, ಬಲಕ್ಕೆ ತಿರುಗಿದಳು, ಗಲ್ಲ ಎತ್ತಿ ಉಸಿರು ಬಿಗಿಹಿಡಿದಳು, ಸ್ವಲ್ಪವೂ ಅಲುಗುತ್ತಿಲ್ಲ, ಪುಟ್ಟೀ ಇತ್ತ, ಇಲ್ಲ, ಕಾಯುತ್ತಿದ್ದಾಳೆ, ಜಾಣೆ ಅನ್ನಲಿ ಅಂತ ಕಾಯುತ್ತಿದ್ದಾಳೆ, ಎಂಟು ಸಲವೂ ಕಾವಲಿನವನ ಕಿವಿ ತಪ್ಪಿಸಿ ಜಾಣೆ ಅಂತ ಪಿಸುಗುಟ್ಟಿದ್ದು ತಾನೇ ಅಲ್ಲವೇ, ಅದೊಂದೇ ಮಾತು ಅಲ್ಲವೇ ತಾತನದು ಅವಳ ಪಾಲಿಗೆ, ಈಗ ಒಂದು ಪುಟ್ಟ ಕೈ ಮೇಲೆದ್ದು, ಅಡ್ಡ ಬಂದ ಒಂದೆಳೆ ಕೂದಲನ್ನು ಮೆಲ್ಲಗೆ ಹಿಂದೆ ಸರಿಸಿ — ಕಿವಿ, ಎಡಗಿವಿ, ಪೂರ್ತಿ ಕಾಣುವ ಎಡಗಿವಿ