ಮಾಣಿಯ ಆಪರೇಷನ್

ಕೆದಂಬಾಡಿಯ ವಸುಮತಿ ತನ್ನ ಬೆಕ್ಕನ್ನು ಮನೆಯ ಹುಡುಗನನ್ನು ಕರೆಯುವ ಹಾಗೆ ಮಾಣಿ ಎಂದು ಕರೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಹೆಡ್‌ಮಾಷ್ಟ್ರಾಗಿದ್ದ ಗಂಡ ಯಜ್ಞೇಶ್ವರನಿಗೆ ಆ ಹೆಸರೂ ಆಗುತ್ತಿರಲಿಲ್ಲ, ಬೆಕ್ಕೂ ಆಗುತ್ತಿರಲಿಲ್ಲ.

ಒಂದೇ ವರ್ಷದಲ್ಲಿ ಮಾಣಿಗೆ ಮೂರು ಸಲ ಮೂತ್ರ ಕಟ್ಟಿತ್ತು. ಗಂಡು ಬೆಕ್ಕಿನ ಮೂತ್ರನಾಳ ಸಪೂರ, ಮರಳಿನಂಥ ಹರಳು ಸಿಕ್ಕಿಕೊಂಡರೆ ಒಂದು ತೊಟ್ಟೂ ಬರುವುದಿಲ್ಲ, ಎರಡು ದಿನ ತಡವಾದರೆ ಜೀವವೇ ಹೋಗುತ್ತದೆ ಎಂದು ಪುತ್ತೂರಿನ ಡಾಕ್ಟರಮ್ಮ ಹೇಳಿದ್ದರು. ವಸುಮತಿ ಒಣ ತಿಂಡಿ ನಿಲ್ಲಿಸಿದಳು. ಪ್ಯಾಕೆಟಿನ ಮೆತ್ತನೆಯ ಆಹಾರಕ್ಕೆ ನೀರು ಬೆರೆಸಿ ಹಾಕಿದಳು, ಕೋಣೆಗೊಂದು ನೀರಿನ ಬಟ್ಟಲು ಇಟ್ಟಳು. ಬೆಳಿಗ್ಗೆ ಎದ್ದವಳು ಮೊದಲು ಬೆಕ್ಕು ಮೂತ್ರ ಮಾಡುವ ಮರಳಿನ ಟ್ರೇ ನೋಡುವಳು. ಒದ್ದೆ ಉಂಡೆ ಮೂರಿದ್ದರೆ ಅವಳಿಗೆ ಊಟ ಸೇರುವುದು.

ಆದರೂ ಉರಿ ಎದ್ದಾಗ ಮಾಣಿ ಕಂಡಕಂಡಲ್ಲಿ ಕೂತು ಮೂತ್ರಕ್ಕೆ ತಿಣುಕುತ್ತಿತ್ತು. ಸನ್ಮಾನದಲ್ಲಿ ಸಿಕ್ಕಿದ ಯಜ್ಞೇಶ್ವರನ ಶಾಲಿನ ಮೇಲೆ ರಕ್ತ ಬೆರೆತ ನಾಲ್ಕು ತೊಟ್ಟು ಬಿತ್ತು. ಅವನು ಒದ್ದ. ಬೆಕ್ಕು ಗೋಡೆಗೆ ಬಡಿದು, ಅಲ್ಲಿಯೂ ತಿಣುಕುತ್ತ ಕೂತಿತು.

ನಾಲ್ಕನೆಯ ಸಲ ಕಟ್ಟಿದ್ದು ಒಂದು ಶನಿವಾರ. ವಸುಮತಿ ಜ್ವರದಲ್ಲಿ ಮಲಗಿದ್ದಳು. ಯಜ್ಞೇಶ್ವರನೇ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ಕಾರಿನಲ್ಲಿ ಒಯ್ದ. ಸಂಜೆ ಒಬ್ಬನೇ ಬಂದ.

"ಆಪರೇಷನ್ ಮಾಡಿದ್ದಾರೆ. ಇನ್ನು ಕಟ್ಟುದಿಲ್ಲವಂತೆ. ಒಂದು ವಾರ ಅಲ್ಲೇ ಇರಬೇಕು."

ವಸುಮತಿ ಮಲಗಿದಲ್ಲಿಂದಲೇ ಅವನಿಗೆ ಕೈ ಮುಗಿದಳು.

ಭಾನುವಾರ, "ಎದ್ದು ಕೂತಿದೆಯಂತೆ" ಎಂದ. ಸೋಮವಾರ, "ಅರ್ಧ ಬಟ್ಟಲು ತಿಂದಿತಂತೆ." ಮಂಗಳವಾರ ಅವನು ಶಾಲೆಗೆ ಹೋದ ಮೇಲೆ ಅವಳೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

"ಎಂತ ಆಪರೇಷನ್ ಅಮ್ಮ? ಬೇಡ ಅಂತ ನಿಮ್ಮವರೇ ಹೇಳಿದ್ದು. ಮೂತ್ರ ಹೋಗಲಿಕ್ಕೆ ಟ್ಯೂಬ್ ಹಾಕಿ ಕಳಿಸಿದೆ." ಎಂದರು ಡಾಕ್ಟರಮ್ಮ. "ಭಾನುವಾರ ಕಬಕದ ಮೀನಿನಂಗಡಿಯ ಜಾಸಿರ್ ಅನ್ನುವವ ಫೋನ್ ಮಾಡಿದ್ದ. ಟ್ಯೂಬ್ ಇರುವ ಬೆಕ್ಕೊಂದು ಬಂದಿದೆ ಅಂತ. ನಿಮ್ಮವರನ್ನು ಕೇಳಿದೆ. ನಮ್ಮದು ಮನೆಯಲ್ಲೇ ಉಂಟು ಅಂದ್ರು."

ವಸುಮತಿ ರಿಕ್ಷಾ ಹಿಡಿದು ಕಬಕಕ್ಕೆ ಹೋದಳು. ಜಾಸಿರ್ ಕೈಯೊರೆಸಿಕೊಂಡು ಹೊರಗೆ ಬಂದ.

"ಟ್ಯೂಬನ್ನು ಅದೇ ಕಚ್ಚಿ ಎಳೆದು ಹಾಕಿತು ಅಕ್ಕ. ಮೀನು ಹಾಕಿದರೂ ತಿನ್ನಲಿಲ್ಲ. ಕಾರು ನಿಂತಾಗೆಲ್ಲ ಎದ್ದು ಹೋಗಿ ನೋಡ್ತಿತ್ತು. ಸೋಮವಾರ ಹೊಟ್ಟೆ ಕಲ್ಲಿನ ಹಾಗಾಗಿತ್ತು. ಡಾಕ್ಟರ ಹತ್ತಿರ ಒಯ್ಯುವ ಅಂತ ಎತ್ತಿಕೊಂಡೆ, ಕೈಯಲ್ಲೇ ಹೋಯಿತು."

ಅಂಗಡಿಯ ಹಿಂದೆ ಮಣ್ಣು ಮಾಡಿದ ಜಾಗ ತೋರಿಸಿದ.

ಅವಳು ಮನೆಗೆ ಬಂದು ಸ್ನಾನ ಮಾಡಿ ಅಡುಗೆಗೆ ಇಟ್ಟಳು. ರಾತ್ರಿಯ ಊಟಕ್ಕೆ ಬಡಿಸುತ್ತ, "ಮಾಣಿ ಇವತ್ತು ಹೇಗುಂಟಂತೆ?" ಎಂದಳು.

"ಓಡಾಡ್ತಿದೆಯಂತೆ. ನಿನ್ನನ್ನು ಹುಡುಕುದಂತೆ."

ಅವನ ಮುಖ ಒಂದಿಷ್ಟೂ ಕದಲಲಿಲ್ಲ. ವಸುಮತಿಗೆ ಹೆದರಿಕೆಯಾಯಿತು. ಇನ್ನೂ ಕೇಳಬೇಕು ಅನಿಸಿತು. ಗುರುವಾರ ಹಾಸ್ಟೆಲಿನಿಂದ ಮಗಳು ಸಮನ್ವಿತಾ ಫೋನ್ ಮಾಡಿದಾಗ ಮೊಬೈಲನ್ನು ಅವನ ಕೈಗೇ ಕೊಟ್ಟಳು. ಅವನು ಹೊಲಿಗೆ ಒಣಗಿದ ಕತೆ ಹೇಳಿದ. ಮಗಳು ಖುಷಿಯಲ್ಲಿ ಅತ್ತದ್ದು ಹೊರಗೆ ಕೇಳಿಸಿತು.

ಶುಕ್ರವಾರ ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದ. "ಬೆಳಿಗ್ಗೆ ಹೋಯಿತಂತೆ, ವಸು. ಅಲ್ಲೇ ಮಣ್ಣು ಮಾಡಿದ್ದಾರೆ."

"ಹಾಗಾದ್ರೆ ತರುವ. ಕಾರು ತೆಗೀರಿ."

ಅವನು ಏನೇನೋ ಹೇಳಿದ. ಅವಳು ಗೋಣಿಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಪುತ್ತೂರಿನಲ್ಲಿ ಅವನು ಕಾರು ನಿಧಾನ ಮಾಡಿದ.

"ಇಲ್ಲಿ ಅಲ್ಲ. ಕಬಕಕ್ಕೆ ಹೋಗಿ."

ಅವನು ಕಬಕದ ಕಡೆಗೆ ಕಾರು ಬಿಟ್ಟ.

ಸಂಜೆಯ ಹೊತ್ತು, ಮೀನಿಗೆ ಜನ ನಿಂತಿದ್ದರು. ವಸುಮತಿ ಜಾಸಿರನಿಂದ ಹಾರೆ ಇಸಕೊಂಡು ಗಂಡನಿಗೆ ಕೊಟ್ಟಳು.

"ವಸು, ಜನ ನೋಡ್ತಾರೆ."

"ಅಗೀರಿ."

ಅವನ ಶಾಲೆಯ ಹುಡುಗಿಯೊಬ್ಬಳ ತಂದೆ ಮಾಯಿಲಪ್ಪ ಹತ್ತಿರ ಬಂದ. "ಎಂತ ಮಾಷ್ಟ್ರೆ, ಇಲ್ಲಿ?"

"ಇವರು ಬೆಕ್ಕನ್ನು ಇಲ್ಲಿ ಬಿಟ್ಟು ಸಾಯಿಸಿದ್ದು. ತೆಗೀಲಿಕ್ಕೆ ಬಂದದ್ದು" ಎಂದಳು ವಸುಮತಿ, ಎಲ್ಲರಿಗೂ ಕೇಳುವ ಹಾಗೆ.

ಜಾಸಿರ್ ತಾನೇ ಅಗೆಯುತ್ತೇನೆಂದು ಮುಂದೆ ಬಂದ. ಅವಳು ಬಿಡಲಿಲ್ಲ. ನಾಲ್ಕು ದಿನದ ಮಣ್ಣು ಮೇಲೆದ್ದಾಗ ನಿಂತವರು ಮೂಗು ಮುಚ್ಚಿ ಸರಿದರು. ಯಜ್ಞೇಶ್ವರ ಬಿಳಿ ಪಂಚೆಯ ಮೇಲೆಯೇ ವಾಂತಿ ಮಾಡಿಕೊಂಡ. ಅವಳು ಚೀಲದ ಬಾಯಿ ತೆರೆದು ಹಿಡಿದಳು. ಅವನು ಬರಿಗೈಯಲ್ಲಿ ಎತ್ತಿ ಹಾಕಬೇಕಾಯಿತು.

ಕಾರಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಉಸಿರು ಕಟ್ಟಿ ಕಿಟಕಿಯ ಗ್ಲಾಸ್ ಇಳಿಸಿದ.

"ಗ್ಲಾಸ್ ಏರಿಸಿ" ಎಂದಳು.

ಅವನು ಏರಿಸಿದ.