ಬಿಳಿ ಪುಡಿಯೊಳಗಿನ ನೀರು

ಮೇಜಿನ ಮೇಲೆ ಒಂದು ಮರದ ತಟ್ಟೆ. ತಟ್ಟೆಯಲ್ಲಿ ಕೆಂಪು ಮೈಯ ಕೋಲಾ ಬೀಜಗಳು. ಪಕ್ಕದಲ್ಲೊಂದು ಗಾಜಿನ ಬಟ್ಟಲು, ಅದರ ತುಂಬ ಬಿಳಿ ಪುಡಿ. ಹರ್ಮಟಾನ್ ಗಾಳಿಯ ಧೂಳಿನಲ್ಲಿ ಸೋಸಿ ಬಂದ ನ್ನೆವಿ ಊರಿನ ಬೆಳಕು ಎರಡರ ಮೇಲೂ ಒಂದೇ ಸಮನೆ ಮಲಗಿದೆ. ಮುಟ್ಟಿದರೆ ಪುಡಿ ಬೂದಿಯಷ್ಟು ಒಣ; ಅದರ ಕಣಕಣದಲ್ಲೂ ನೀರು ಅಡಗಿದೆಯೆಂದರೆ ಯಾರೂ ನಂಬರು.

ಅಜುಕಾಳ ಸೋದರಮಾವ ಒಬಿಡಿಗ್ಬೊ ಅಂತೂ ನಂಬಿರಲಿಲ್ಲ. ತಾನು ಚಪ್ಪಲಿ ಮಾಡುತ್ತಿದ್ದ ಯಂತ್ರವನ್ನು ಅವಳು, ಈ ಪುಡಿ ಬೆರೆಸಿದ ಪ್ಲಾಸ್ಟಿಕ್ಕಿನಿಂದ ವಿದ್ಯುತ್ ತಂತಿಗೆ ಹೊದಿಕೆ ಹಾಕಲು ಒಗ್ಗಿಸಿದಂದಿನಿಂದ ಅವನದು ಒಂದೇ ಗೊಣಗಾಟ. ಹೊಸ ಹೆರಿಗೆಮನೆ ಕಟ್ಟಿಸುತ್ತಿದ್ದ ಹಿರಿಯರು, ಇಚಿಯೆ ಉಡೆಮೆಜುವೆ, ಈಗ ಬಂದು ಕುಳಿತಿದ್ದರು. ಬೆಂಕಿ ತಗುಲಿದರೂ ಉರಿಯದೆಂದು ಅವಳು ಹೇಳಿದ ತಂತಿಯನ್ನು ಅವರು ಒಪ್ಪಿದರೆ ಯಂತ್ರ ಅವಳದು. ಇಲ್ಲವಾದರೆ ಮತ್ತೆ ಚಪ್ಪಲಿ.

"ಈ ಗದ್ದಲದಲ್ಲಿ ಕೋಲಾ ಮುರಿಯೋದಾ?" ಎಂದು ಮಾವ ತಾನೇ ಎದ್ದು ಗುಂಡಿ ಒತ್ತಿದ. ಯಂತ್ರದ ತಿರುಪು ನಿಂತಿತು. ಅದರ ಕೊಳವೆಯನ್ನು ಕಾಯಿಸುವ ಸುರುಳಿ ನಿಲ್ಲಲಿಲ್ಲ. ಅಜುಕಾ ಏಳುವಷ್ಟರಲ್ಲಿ ಅವನು ಬೀಜವನ್ನು ಎತ್ತಿ ಹಿಡಿದಾಗಿತ್ತು. ಅತಿಥಿ ಬಂದಾಗ ಕೋಲಾ ಎತ್ತಿ ಹರಸಿ ಮುರಿಯುವುದು ವಾಡಿಕೆ; ಎತ್ತಿದ ಮೇಲೆ ಹರಸಿ ಮುಗಿಸುವವರೆಗೆ ಯಾರೂ ಕದಲುವಂತಿಲ್ಲ.

ಮಾವ ಪೂರ್ವಿಕರನ್ನು ಕರೆದ. ನದಿಯನ್ನು, ಅತಿಥಿಯ ಬೀಗರನ್ನು, ಹೆರಿಗೆಮನೆಯಲ್ಲಿ ಮುಂದೆ ಹುಟ್ಟಲಿರುವ ಕೂಸುಗಳನ್ನು, ಅವುಗಳ ಅತ್ತೆಯಂದಿರನ್ನೂ ಹರಸಿದ.

"ಮಾವ, ಒಳಗೆ ಬೇಯ್ತಿದೆ."

"ಬೇಯಲಿ ಬಿಡೇ. ಪೂರ್ವಿಕರಿಗೇನು ಅವಸರ?"

ಕೊನೆಗೊಮ್ಮೆ ಯಂತ್ರ ತಿರುಗಿದಾಗ ಹೊರಬಂದ ತಂತಿಯ ಮೈಯೆಲ್ಲ ಗುಳ್ಳೆ. ಇಚಿಯೆ ಕಡ್ಡಿ ಗೀರಿ ಅದಕ್ಕೆ ಹಿಡಿದರು. ತಂತಿ ಸಂತೋಷದಿಂದ ಉರಿಯಿತು.

"ದೀಪಕ್ಕೆ ಬತ್ತಿ ಆಗಬಹುದು, ಮಗಳೇ."

"ನಾ ಹೇಳಲಿಲ್ವಾ, ಚಪ್ಪಲಿನೇ ವಾಸಿ ಅಂತ," ಎಂದ ಮಾವ.

ಅಜುಕಾ ಗುಳ್ಳೆಯೊಂದನ್ನು ಉಗುರಿನಿಂದ ಒಡೆದಳು. "ಇದು ಹಬೆ, ಮಾವ. ಆ ಪುಡಿ ಚೆನ್ನಾಗಿ ಕಾದರೆ ಶಾಖ ನುಂಗಿ ನೀರು ಬಿಡುತ್ತೆ. ಬಿಡಬೇಕಾದ್ದು ಬೆಂಕಿ ಬಿದ್ದಾಗ. ನೀವು ಹರಸ್ತಾ ಕೂತಿರಿ, ಅದು ಕೊಳವೆಯೊಳಗೇ ಎಲ್ಲ ಬಿಟ್ಟುಕೊಡ್ತು."

ಇಚಿಯೆ ನಕ್ಕರು. "ಅಂದ್ರೆ, ಊರು ಬಿಡೋ ಮೊದಲೇ ಬುತ್ತಿ ತಿಂದು ಮುಗಿಸಿದ ಹಾಗೆ. ಹೊಸದಾಗಿ ಮಾಡು, ಕೂತಿರ್ತೀನಿ."

ಅವಳು ಬಿಸಿಯನ್ನು ತಗ್ಗಿಸಿದಳು. ಬೆಂದುಹೋದ ಮಿಶ್ರಣವನ್ನೆಲ್ಲ ಹೊರದಬ್ಬಿ ಹೊಸದನ್ನು ತುಂಬಿದಳು. ಮಾವನ ಕೈ ಮತ್ತೆ ತಟ್ಟೆಯತ್ತ ಹೊರಟಿತು.

"ಒಬಿಡಿಗ್ಬೊ," ಎಂದರು ಇಚಿಯೆ, "ಪೂರ್ವಿಕರಿಗೆ ಹೊಟ್ಟೆ ತುಂಬಿದೆ."

ಈ ಸಲ ತಂತಿ ನುಣುಪಾಗಿ ಇಳಿಯಿತು. ಜ್ವಾಲೆ ಅದನ್ನು ಹಿಡಿಯಿತು, ಅನುಮಾನಿಸಿತು, ತೆಳುವಾಯಿತು. ಇಚಿಯೆ ಕಡ್ಡಿಯನ್ನು ಹಿಂತೆಗೆದೊಡನೆ ಬೆಂಕಿ ಇರಲಿಲ್ಲ. ತಂತಿಯ ಮೇಲೆ ಬಿಳಿಯ ಚಿಪ್ಪೊಂದು ಮಾತ್ರ ಉಳಿದಿತ್ತು.

"ಎಲ್ಲಿ ಹೋಯ್ತು?"

"ಶಾಖವನ್ನ ಪುಡಿ ಕುಡಿದುಬಿಡ್ತು. ಬಂದ ಹಬೆ ಉರಿಯನ್ನ ತೆಳು ಮಾಡ್ತು. ಈ ಚಿಪ್ಪು ಒಳಗಿನ ತಾಮ್ರಕ್ಕೆ ಮರೆ."

ಹಿರಿಯರು ಆ ತಂತಿಯ ತುಂಡನ್ನು ಬೆರಳುಗಳಲ್ಲಿ ಹೊರಳಿಸಿ ನೋಡಿದರು. "ಮಕ್ಕಳು ಹುಟ್ಟೋ ಮನೆಗೆ ಇದೇ ಇರಲಿ," ಎಂದು, ಅದನ್ನೂ ಒಂದು ಕೋಲಾ ಬೀಜವನ್ನೂ ಜೇಬಿಗಿಳಿಸಿ ಹೊರಟುಹೋದರು.

ಮಾವ ಯಂತ್ರದ ಕೆಳಗೆ ಬಗ್ಗಿ ಚಪ್ಪಲಿಯ ಅಚ್ಚುಗಳನ್ನು ಒಂದೊಂದಾಗಿ ಎತ್ತಿ ಎದೆಗೊತ್ತಿಕೊಂಡ.

"ಪಕ್ಕದ ಶೆಡ್ಡಲ್ಲಿಡ್ತೀನಿ. ನಿನಗೆ ಜಾಗ ಬೇಕಲ್ಲ," ಎಂದ, ಅವಳತ್ತ ನೋಡದೆ.

ಅವನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.