ಹುಲ್ಲು ಬಿತ್ತಿದವನು

ಥೆಲ್ಮಾ ಕಾರಿನಿಂದ ಇಳಿದು ಅಂಗಳದಲ್ಲೇ ನಿಂತುಬಿಟ್ಟಾಗ ಏನೋ ಸರಿಯಿಲ್ಲ ಅಂತ ಆರ್ಡನ್‌ಗೆ ಗೊತ್ತಾಯಿತು. ಎಂಬತ್ತರ ಮುದುಕಿ, ಅವನು ಗುತ್ತಿಗೆಗೆ ಮಾಡುತ್ತಿದ್ದ ಹೊಲದ ಒಡತಿ. ಬಂದರೆ ನೇರ ಅಡುಗೆಮನೆಗೆ ನುಗ್ಗಿ ತಾನೇ ಕಾಫಿ ಬಗ್ಗಿಸಿಕೊಳ್ಳುವವಳು.

"ಹೊಲನ ಹುಲ್ಲಿಗೆ ಬಿಡೋಣ ಅಂತಿದೀನಿ ಕಣೋ," ಅಂದಳು. "ಹತ್ತು ವರ್ಷ ಉಳೋ ಹಾಗಿಲ್ಲ, ಬೆಳೆಯೋ ಹಾಗಿಲ್ಲ. ಮಣ್ಣು ಉಳಿಸಿದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತೆ."

"ಅವ್ರು ಕೊಡೋಷ್ಟು ಗುತ್ತಿಗೆ ನನ್ನ ಕೈಲಿ ಆಗಲ್ಲ, ಥೆಲ್ಮಾ."

"ದುಡ್ಡಿಗೋಸ್ಕರ ಅಲ್ಲ. ದುಡ್ಡಿಗೂ ಹೌದು, ಸುಳ್ಳು ಯಾಕೆ ಹೇಳ್ಲಿ. ಸೊಂಟದ ಆಪರೇಷನ್ ಆಗ್ಬೇಕು. ಆದ್ರೆ ಆ ದಿಣ್ಣೆ ನೀನೂ ನೋಡಿದೀಯಲ್ಲ."

ನೋಡಿದ್ದ. ವಸಂತದ ಗಾಳಿಗೆ ಮೇಲ್ಮಣ್ಣೆಲ್ಲ ಹಾರಿಹೋಗಿ ದಿಣ್ಣೆ ಬೋಳುತಲೆಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅವಳ ಮಾತಿನಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಒಂದಿಷ್ಟು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಮದುವೆಯಾದ ವರ್ಷದಿಂದ ಅವನು ಗೋಧಿ ಬೆಳೆದ ನೆಲ ಅದು. ಸ್ವಂತದ್ದು ಅಂತ ಇದ್ದದ್ದು ಮನೆ ಸುತ್ತಲಿನ ಒಂದು ತುಂಡು, ಅಷ್ಟೆ.

"ಬಯ್ಯೋ ನನ್ನ. ಏನಾದ್ರೂ ಅನ್ನು."

"ಏನಂತ ಬಯ್ಲಿ? ಒಳಗ್ ಬನ್ನಿ, ಲವಾನ್ ಕಾಫಿ ಮಾಡಿದಾಳೆ."

ಅವಳು ಒಳಗೆ ಬರಲಿಲ್ಲ.

ಹುಲ್ಲಿನ ಬೀಜ ಬಿತ್ತಲು ಜನ ಬೇಕಾದಾಗ ಆರ್ಡನ್ ತಾನೇ ಹೋಗಿ ಒಪ್ಪಿಕೊಂಡ. ಹೆಂಡತಿ ಲವಾನ್ ಕೈಲಿದ್ದ ತಟ್ಟೆಯನ್ನು ಕುಕ್ಕಿದಳು. "ನಿಂಗೇನು ತಲೆ ಕೆಟ್ಟಿದ್ಯಾ?"

"ಬೇರೆಯವ್ರು ಆ ಹೊಲದಲ್ಲಿ ಟ್ರ್ಯಾಕ್ಟರ್ ಓಡ್ಸೋದನ್ನ ನೋಡಕ್ಕಾಗಲ್ಲ ಕಣೇ."

ಊರಿನ ಕಾಫಿ ಅಂಗಡಿಯಲ್ಲಿ ಪಕ್ಕದ ಹೊಲದ ಡೇಲ್ ಕಾಲೆಳೆದ: "ಏನಯ್ಯಾ, ನಿನ್ನ ಗುಂಡಿ ನೀನೇ ತೋಡ್ಕೋತಿದೀಯಂತೆ? ಕೂಲಿನಾದ್ರೂ ಕೊಡ್ತಾರಾ?" ಎಲ್ಲರ ಜೊತೆ ಆರ್ಡನ್ನೂ ನಕ್ಕ.

ಆ ಬೀಜ ಹೊಟ್ಟಿನ ಹಾಗೆ ಹಗುರ. ಕೂರಿಗೆ ಸ್ವಲ್ಪ ಆಳಕ್ಕಿಳಿದರೂ ಮೊಳೆಯುವುದಿಲ್ಲ. ಗೋಧಿಗೆ ಪಳಗಿದ ಕೈಯನ್ನು ಬಿಗಿಹಿಡಿದು, ಒಂದು ಸಾಲೂ ತಪ್ಪದಂತೆ ಬಿತ್ತಿದ. ಹೊಲದ ಕೊನೆಯಲ್ಲಿ ಕಲ್ಲುಗುಡ್ಡೆಯೊಂದಿತ್ತು. ಮೊದಲ ವರ್ಷ ಬಸುರಿಯಾಗಿದ್ದ ಲವಾನ್, ಅವನು ಬೇಡವೆಂದರೂ ಕೇಳದೆ, ಅವನ ಜೊತೆ ಆರಿಸಿ ಒಟ್ಟಿದ ಕಲ್ಲುಗಳು. ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತ. ಆಮೇಲೆ ಮುಖ ಒರೆಸಿಕೊಂಡು ಉಳಿದ ಸಾಲು ಮುಗಿಸಿದ.

ಉಳಲು ಹೊಲವಿಲ್ಲದ ಮೇಲೆ, ಶರತ್ಕಾಲದಲ್ಲಿ ಅವನ ಬೇಸಾಯದ ಸಾಮಾನೆಲ್ಲ ಅಂಗಳದಲ್ಲೇ ಹರಾಜಾಯಿತು. ಟ್ರ್ಯಾಕ್ಟರ್ ಕೊಂಡವನು ಡೇಲ್. ಕೀಲಿ ಇಸಿದುಕೊಳ್ಳುವಾಗ ಅವನು ತಲೆ ಎತ್ತಲಿಲ್ಲ. ಗಂಡಹೆಂಡತಿ ನದಿಯಾಚೆಯ ಪಟ್ಟಣಕ್ಕೆ ಹೋದರು. ಆರ್ಡನ್‌ಗೆ ಬೀಟ್‌ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆಯಲ್ಲಿ ಗೆಡ್ಡೆ ಇಳಿಸುವ ಕೆಲಸ ಸಿಕ್ಕಿತು.

ಮೂರನೆಯ ಬೇಸಿಗೆಯಲ್ಲಿ ಥೆಲ್ಮಾ ಫೋನ್ ಮಾಡಿದಳು. "ಹುಲ್ಲು ಸೊಂಟದ ಮಟ್ಟ ಬೆಳೆದಿದೆ ಕಣೋ. ಗಾಳಿಗೆ ಹೆಂಗೆ ತೂಗುತ್ತೆ ಗೊತ್ತಾ! ಕಾಡುಕೋಳಿ ಮರಿ ಮಾಡಿವೆ. ನಿನ್ನ ಕೈಯಿಂದ ಆಗಿದ್ದು, ಬಂದು ನೋಡ್ಹೋಗೋ."

"ಬರ್ತೀನಿ," ಅಂದ.

ಹೋಗಲಿಲ್ಲ. ಪ್ರತಿ ಭಾನುವಾರವೂ ಏನೋ ಒಂದು ನೆಪ.

ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹೆಣಕ್ಕೆ ಹೆಗಲು ಕೊಡುವವರಲ್ಲಿ ಆರ್ಡನ್ ಇರಬೇಕೆಂದು ಮೊದಲೇ ಹೇಳಿಟ್ಟಿದ್ದಳಂತೆ. ಪೆಟ್ಟಿಗೆ ಹೊತ್ತ. ಎಷ್ಟು ಹಗುರಾಗಿದ್ದಳು! "ತಡ ಮಾಡ್ಬಿಟ್ಟೆ, ಥೆಲ್ಮಾ," ಅಂತ ಹೆಪ್ಪುಗಟ್ಟಿದ ನೆಲಕ್ಕೆ ಹೇಳಿದ.

ಸ್ಮಶಾನದಿಂದ ಹೊರಟಾಗ ಹೊಲದ ದಾರಿ ಎಡಕ್ಕಿತ್ತು. ಆರ್ಡನ್ ಕಾರನ್ನು ಬಲಕ್ಕೆ ತಿರುಗಿಸಿದ. ಮನೆಗೆ ಅದು ಸುತ್ತುದಾರಿ. ಲವಾನ್ ಅವನ ತೊಡೆಯ ಮೇಲೆ ಕೈಯಿಟ್ಟಳು.